ಹಾಡು ಅವಳದಾದರೆ ಬೀಟ್ ಯಾರದು?

2025ರ ಜುಲೈನಲ್ಲಿ ಲಂಡನ್ನಿನ ಹ್ಯಾಕ್ನಿ ಟೌನ್ ಹಾಲ್‌ನಲ್ಲಿ ಒಂದು ರಿಜಿಸ್ಟರ್ ಮದುವೆ ನಡೆಯಿತು. ವಧು ಗಿಡ್ಡನೆಯ ಬಿಳಿ ಉಡುಪು ತೊಟ್ಟು ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದಳು. ಹೆಸರು ಚಾರ್ಲಿ ಎಕ್ಸ್‌ಸಿಎಕ್ಸ್, ಎಲೆಕ್ಟ್ರಾನಿಕ್ ಪಾಪ್ ಗಾಯಕಿ. ವರ ಜಾರ್ಜ್ ಡೇನಿಯಲ್, 'ದಿ 1975' ಬ್ಯಾಂಡಿನ ಡ್ರಮ್ಮರ್ ಮತ್ತು ಮ್ಯೂಸಿಕ್ ಪ್ರೊಡ್ಯೂಸರ್. ದಾವಣಗೆರೆಯ ನಮ್ಮ ಮನೆಯ ಮಹಡಿಯ ಮೇಲೆ ಕೂತು ನಾನು, ತಂಗಿ ಮತ್ತು ಡಿಜೆ ಕೆಲಸ ಮಾಡುವ ನನ್ನ ಗೆಳೆಯ ಆ ಫೋಟೊಗಳನ್ನು ನೋಡುತ್ತಿದ್ದೆವು. ಗೆಳೆಯ ಥಟ್ಟನೆ ಕೇಳಿದ: 'ಓ, ಹಂಗಾದ್ರೆ ಇವಳ ಮ್ಯೂಸಿಕ್ ಎಲ್ಲಾ ಇವನೇ ಮಾಡಿಕೊಡೋದಾ?'

ತಂಗಿ ಫೋನಿನಿಂದ ತಲೆ ಎತ್ತಲಿಲ್ಲ. 'ನಮ್ಮ ಟ್ರ್ಯಾಕ್ ಬಗ್ಗೆನೂ ಜನ ಹಂಗೇ ಕೇಳಿದ್ರಲ್ಲ ಅಣ್ಣ' ಎಂದಳು, ಅಷ್ಟೆ. ಗೆಳೆಯನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ನಮ್ಮ ಕಥೆಯನ್ನು ಆಮೇಲೆ ಹೇಳುತ್ತೇನೆ. ಮೊದಲು ಗೆಳೆಯನ ಪ್ರಶ್ನೆಗೆ ಬರೋಣ. ಅದು ಅವನೊಬ್ಬನದಲ್ಲ. ಒಬ್ಬ ಹೆಣ್ಣುಮಗಳು ಕಂಪ್ಯೂಟರಿನಿಂದ ಹುಟ್ಟುವ ಸಂಗೀತ ಮಾಡಿದಾಗ, ಅವಳ ಪಕ್ಕದಲ್ಲಿ ಒಬ್ಬ ಗಂಡಸು ಕಂಡರೆ ಸಾಕು, ಎಲ್ಲ ದೇಶಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ.

ಹಸಿರು ಬಣ್ಣದ ವರ್ಷ

ಚಾರ್ಲಿಯ ನಿಜವಾದ ಹೆಸರು ಷಾರ್ಲೆಟ್ ಏಚಿಸನ್. ಹುಟ್ಟಿದ್ದು 1992ರಲ್ಲಿ, ಕೇಂಬ್ರಿಜ್‌ನಲ್ಲಿ. ತಂದೆ ಸ್ಕಾಟ್ಲೆಂಡಿನವರು. ತಾಯಿ ಉಗಾಂಡದಲ್ಲಿ ನೆಲೆಸಿದ್ದ ಗುಜರಾತಿ ಮೂಲದ ಕುಟುಂಬದವರು. ಹದಿಹರೆಯದಲ್ಲೇ ಹಾಡು ಬರೆದು ಮೈಸ್ಪೇಸ್‌ನಲ್ಲಿ ಹಾಕುತ್ತಿದ್ದ ಹುಡುಗಿ ಈಕೆ. ಪೂರ್ವ ಲಂಡನ್ನಿನ ಗೋದಾಮುಗಳಲ್ಲಿ ರಾತ್ರಿ ನಡೆಯುತ್ತಿದ್ದ ಪಾರ್ಟಿಗಳಲ್ಲಿ ಹಾಡಲು ಹೋದರೆ ಅಪ್ಪ, ಅಮ್ಮ ಕಾವಲಿಗೆಂದು ಜೊತೆಗೆ ಹೋಗುತ್ತಿದ್ದರಂತೆ. ನಮ್ಮ ಕಡೆ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿಯ ಜೊತೆ ಅಪ್ಪ ಸ್ಕೂಟರಿನಲ್ಲಿ ಬಂದು ಮೂಲೆಯಲ್ಲಿ ಕೂತಿರುತ್ತಾರಲ್ಲ, ಹಾಗೆಯೇ.

2024ರ ಜೂನ್ 7ರಂದು ಆಕೆಯ 'ಬ್ರ್ಯಾಟ್' ಆಲ್ಬಂ ಬಂತು. ಮುಖಪುಟದಲ್ಲಿ ಗಾಯಕಿಯ ಫೋಟೊ ಇಲ್ಲ. ಕಣ್ಣಿಗೆ ಚುಚ್ಚುವ ಹಸಿರು ಬಣ್ಣ, ನಡುವೆ ಮಸುಕಾದ ಒಂದೇ ಪದ. ಪಾಪ್ ಗಾಯಕಿಯ ಮುಖವನ್ನು ತೋರಿಸಿಯೇ ಆಲ್ಬಂ ಮಾರುವ ಉದ್ಯಮದಲ್ಲಿ ಇದು ವಿಚಿತ್ರ ನಿರ್ಧಾರ. ಆದರೆ ಆ ಹಸಿರು ಜಗತ್ತನ್ನೇ ಹಬ್ಬಿತು. ಜುಲೈನಲ್ಲಿ ಜೋ ಬೈಡನ್ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಣದಿಂದ ಹಿಂದೆ ಸರಿದಾಗ, ಕಮಲಾ ಹ್ಯಾರಿಸ್ ಕೂಡ 'ಬ್ರ್ಯಾಟ್' ಎಂದು ಚಾರ್ಲಿ ಒಂದು ಸಾಲು ಬರೆದಳು. ಹ್ಯಾರಿಸ್ ಪ್ರಚಾರ ತಂಡ ತನ್ನ ಸಾಮಾಜಿಕ ಜಾಲತಾಣದ ಪುಟವನ್ನೇ ಅದೇ ಹಸಿರಿಗೆ ತಿರುಗಿಸಿತು. ಚುನಾವಣೆಯನ್ನು ಹಸಿರು ಗೆಲ್ಲಿಸಲಿಲ್ಲ ಎನ್ನುವುದು ಬೇರೆ ಮಾತು. ವರ್ಷದ ಕೊನೆಗೆ ಕಾಲಿನ್ಸ್ ನಿಘಂಟು 'ಬ್ರ್ಯಾಟ್' ಅನ್ನು ವರ್ಷದ ಪದವೆಂದು ಆರಿಸಿತು. 2025ರ ಫೆಬ್ರುವರಿಯಲ್ಲಿ ಮೂರು ಗ್ರ್ಯಾಮಿ, ಮಾರ್ಚ್‌ನಲ್ಲಿ ಐದು ಬ್ರಿಟ್ ಪ್ರಶಸ್ತಿಗಳು ಬಂದವು. ಆ ಐದರಲ್ಲಿ ಒಂದು ವರ್ಷದ ಗೀತರಚನೆಕಾರರ ಪ್ರಶಸ್ತಿ.

ಇಷ್ಟೆಲ್ಲ ಆದ ಮೇಲೂ ನನ್ನ ಗೆಳೆಯನಿಗೆ ಹೊಳೆದ ಪ್ರಶ್ನೆ, ಗಂಡ ಮಾಡಿಕೊಡುತ್ತಾನಾ ಎಂಬುದು.

ಪ್ರೊಡ್ಯೂಸರ್ ಎಂದರೆ ಯಾರು?

ಇಲ್ಲೊಂದು ಗೊಂದಲ ಬಗೆಹರಿಸಬೇಕು. ಪ್ರೊಡ್ಯೂಸರ್ ಎಂದ ಕೂಡಲೇ ನಮಗೆ ನೆನಪಾಗುವುದು ದುಡ್ಡು ಹಾಕುವ ಸಿನಿಮಾ ನಿರ್ಮಾಪಕರು. ಮ್ಯೂಸಿಕ್ ಪ್ರೊಡ್ಯೂಸರ್ ಅವರಲ್ಲ. ನಮ್ಮ ಚಿತ್ರಸಂಗೀತದಲ್ಲಿ ಕೀಬೋರ್ಡ್ ಪ್ರೋಗ್ರಾಮರ್, ರಿದಂ ಪ್ರೋಗ್ರಾಮರ್, ಅರೇಂಜರ್ ಎಂದೆಲ್ಲ ಕರೆಯುತ್ತೇವಲ್ಲ, ಆ ಎಲ್ಲ ಕೆಲಸಗಳೂ ಸೇರಿ, ಒಂದಿಷ್ಟು ಸಂಗೀತ ನಿರ್ದೇಶಕನ ಕೆಲಸವೂ ಬೆರೆತರೆ ಆಗುವವರು ಅವರು. ಯಾವ ಸದ್ದು ಎಲ್ಲಿ ಬರಬೇಕು, ಬೇಸ್ ಎಷ್ಟು ದಪ್ಪಗಿರಬೇಕು, ದನಿಯನ್ನು ಹಾಗೆಯೇ ಬಿಡಬೇಕೋ ತಿರುಚಬೇಕೋ ಎಂದು ತೀರ್ಮಾನಿಸುವವರು.

ತಬಲಾದಲ್ಲಿ ಯಾರು ಬಾರಿಸುತ್ತಿದ್ದಾರೆ ಎಂಬುದು ಸಭೆಗೆ ಕಾಣುತ್ತದೆ. ಪಿಟೀಲಿನಲ್ಲಿ ಕಮಾನು ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೈ ಕಾಣುವುದಿಲ್ಲ. ಒಂದು ಸದ್ದನ್ನು ಕತ್ತರಿಸಿ, ಎಳೆದು, ಹಿಂದುಮುಂದು ಮಾಡಿದವರು ಯಾರು ಎಂದು ಕೇಳುಗನಿಗೆ ತಿಳಿಯುವ ದಾರಿಯೇ ಇಲ್ಲ. ಕಾಣದ ಕೈಯ ಜಾಗದಲ್ಲಿ ನಾವು ನಮ್ಮ ಊಹೆಯನ್ನು ಇಡುತ್ತೇವೆ. ಯಂತ್ರದ ಮುಂದೆ ಕೂತವನು ಗಂಡಸೇ ಇರಬೇಕು, ಹೆಣ್ಣು ಮೈಕಿನ ಮುಂದೆ ಇರಬೇಕು ಎನ್ನುವ ಊಹೆ ಅದು.

ಊಹೆ ಪೂರ್ತಿ ಗಾಳಿಯಿಂದ ಬಂದದ್ದೂ ಅಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅನೆನ್‌ಬರ್ಗ್ ಕೇಂದ್ರ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ 300 ಜನಪ್ರಿಯ ಹಾಡುಗಳ ಪ್ರೊಡ್ಯೂಸರ್‌ಗಳನ್ನು ಎಣಿಸಿತ್ತು. ಅವರಲ್ಲಿ ಮಹಿಳೆಯರು ಶೇ 2 ಮಾತ್ರ. ಗ್ರ್ಯಾಮಿಯಲ್ಲಿ ಶಾಸ್ತ್ರೀಯೇತರ ವಿಭಾಗದ 'ವರ್ಷದ ಪ್ರೊಡ್ಯೂಸರ್' ಪ್ರಶಸ್ತಿಯನ್ನು 1970ರ ದಶಕದಿಂದ ಕೊಡುತ್ತಿದ್ದಾರೆ. ಒಬ್ಬ ಮಹಿಳೆಗೂ ಅದು ಬಂದಿಲ್ಲ. ಸಂಖ್ಯೆ ಕಡಿಮೆ ಇರುವುದರಿಂದ ಊಹೆ ಬಲಿಯುತ್ತದೆ, ಊಹೆ ಬಲಿತಿರುವುದರಿಂದ ಇರುವವರ ಹೆಸರೂ ಲೆಕ್ಕಕ್ಕೆ ಬರುವುದಿಲ್ಲ. ಬಾವಿಯಲ್ಲಿ ನೀರಿಲ್ಲವೆಂದು ಯಾರೂ ಹಗ್ಗ ಇಳಿಸುವುದಿಲ್ಲ, ಹಗ್ಗ ಇಳಿಸದ್ದಕ್ಕೆ ನೀರಿರುವುದು ಗೊತ್ತಾಗುವುದಿಲ್ಲ.

ಹಳೆಯ ಕಥೆ, ಹೊಸ ಹೆಸರುಗಳು

1963ರಲ್ಲಿ ಬಿಬಿಸಿಯಲ್ಲಿ 'ಡಾಕ್ಟರ್ ಹೂ' ಧಾರಾವಾಹಿ ಶುರುವಾಯಿತು. ಅದರ ಶೀರ್ಷಿಕೆ ಸಂಗೀತದ ಸ್ವರಗಳನ್ನು ಬರೆದವರು ರಾನ್ ಗ್ರೇನರ್. ಆದರೆ ಆ ಬರಹವನ್ನು ಸದ್ದಾಗಿ ಮಾಡಿದ್ದು ಬಿಬಿಸಿಯ ರೇಡಿಯೊಫೋನಿಕ್ ಕಾರ್ಯಾಗಾರದಲ್ಲಿದ್ದ ಡೀಲಿಯಾ ಡರ್ಬಿಶೈರ್. ಸಿಂಥಸೈಜರ್ ಇನ್ನೂ ಅಂಗಡಿಗೆ ಬರದ ಕಾಲ. ಒಂದೊಂದು ಸ್ವರವನ್ನೂ ಟೇಪಿನಲ್ಲಿ ಧ್ವನಿಮುದ್ರಿಸಿ, ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ ಅದನ್ನು ಕಟ್ಟಿದರು. ಕೇಳಿ ಬೆರಗಾದ ಗ್ರೇನರ್, ರಚನೆಯ ಗೌರವದಲ್ಲಿ ಡೀಲಿಯಾಗೂ ಪಾಲು ಸಿಗಬೇಕೆಂದು ಬಯಸಿದರು. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಪರದೆಯ ಮೇಲೆ ಆಕೆಯ ಹೆಸರು ಬಂದದ್ದು 2013ರಲ್ಲಿ, ಧಾರಾವಾಹಿಯ ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ಅಷ್ಟರಲ್ಲಿ ಆಕೆ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಶ್ರೀಲಂಕಾ ತಮಿಳು ಮೂಲದ ಎಂ.ಐ.ಎ. 2007ರ ಹೊತ್ತಿಗೆ, ತನ್ನ ಕೆಲಸವನ್ನೆಲ್ಲ ಪತ್ರಕರ್ತರು ಡಿಪ್ಲೊ ಎಂಬ ಪ್ರೊಡ್ಯೂಸರನ ಖಾತೆಗೆ ಬರೆಯುತ್ತಿದ್ದಾರೆಂದು ಸಿಟ್ಟಾಗಿದ್ದರು. ಐಸ್‌ಲ್ಯಾಂಡಿನ ಬ್ಯೋರ್ಕ್ 2015ರ ಸಂದರ್ಶನವೊಂದರಲ್ಲಿ ಇದನ್ನೇ ಹೇಳಿದರು. ಒಂದು ಆಲ್ಬಂನ ಹೆಚ್ಚಿನ ಬೀಟ್‌ಗಳನ್ನು ಮೂರು ವರ್ಷ ಕೂತು ತಾವೇ ಮಾಡಿದ್ದರೂ, ಕೊನೆಗೆ ಕೆಲವು ವಾರ ಬಂದು ಸೇರಿಕೊಂಡ ಗಂಡಸರೇ ಅದನ್ನು ಮಾಡಿದರೆಂದು ಪತ್ರಿಕೆಗಳು ಬರೆದವಂತೆ. ಗಂಡಸು ಒಮ್ಮೆ ಹೇಳಿದರೆ ಸಾಕಾಗುವ ಮಾತನ್ನು ಹೆಂಗಸು ಐದು ಸಲ ಹೇಳಬೇಕು ಎಂಬುದು ಅವರ ಅನುಭವ. ಅವರು ಕಿರಿಯರಿಗೆ ಕೊಟ್ಟ ಸಲಹೆಯೂ ನೆನಪಿಡುವಂಥದ್ದು: ಸ್ಟುಡಿಯೊದಲ್ಲಿ ಯಂತ್ರಗಳ ಮುಂದೆ ಕೂತಿರುವ ಫೋಟೊ ತೆಗೆಸಿಕೊಳ್ಳಿ, ಆಗಲಾದರೂ ಜನ ನಂಬುತ್ತಾರೆ.

ಇವರಿಬ್ಬರ ಮಾತು ಜೊತೆಗೆ ಕೆಲಸ ಮಾಡಿದವರ ಬಗ್ಗೆ. ಜೊತೆಗಾರ ಗಂಡನೇ ಆಗಿಬಿಟ್ಟರೆ ಸಮಸ್ಯೆ ಇನ್ನೂ ಹೆಚ್ಚುತ್ತದೆ. ಮದುವೆ ಎಂದರೆ ಎರಡು ಖಾತೆ ಒಂದಾದಂತೆ ಎಂದು ಜನ ಭಾವಿಸುತ್ತಾರೆ. ಒಂದಾದ ಖಾತೆಯ ಯಜಮಾನನ ಹೆಸರು ಯಾವುದೆಂದು ಬೇರೆ ಹೇಳಬೇಕಿಲ್ಲ.

ತಾರೀಕು ಏನು ಹೇಳುತ್ತದೆ?

ಗೆಳೆಯನ ಪ್ರಶ್ನೆಗೆ ಉತ್ತರಿಸಲು ಸಿಟ್ಟು ಬೇಕಿಲ್ಲ, ಕ್ಯಾಲೆಂಡರ್ ಸಾಕು. ಐಕೋನಾ ಪಾಪ್ ಹಾಡಿ ಹೆಸರು ಮಾಡಿದ 'ಐ ಲವ್ ಇಟ್' ಹಾಡಿನ ರಚನೆಯಲ್ಲಿ ಚಾರ್ಲಿ ಇದ್ದದ್ದು 2012ರಲ್ಲಿ. ಪ್ರೊಡ್ಯೂಸರ್ ಸೋಫಿ ಜೊತೆ 'ವ್ರೂಮ್ ವ್ರೂಮ್' ಮಾಡಿದ್ದು 2016ರಲ್ಲಿ. ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಕೂತು, ಅಭಿಮಾನಿಗಳ ಸಲಹೆ ಕೇಳುತ್ತ, ಸುಮಾರು ಆರೇ ವಾರದಲ್ಲಿ ಒಂದು ಇಡೀ ಆಲ್ಬಂ ಮುಗಿಸಿದ್ದು 2020ರಲ್ಲಿ. ಆಕೆ ಮತ್ತು ಜಾರ್ಜ್‌ನ ಬ್ಯಾಂಡ್ ಒಂದೇ ಹಾಡಿನಲ್ಲಿ ಸೇರಿದ್ದು 2021ರಲ್ಲಿ. ಅಂದರೆ ಗಂಡ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು.

ಹಾಗೆಂದು ಜಾರ್ಜ್ ಏನೂ ಮಾಡಿಲ್ಲ ಎನ್ನುವುದೂ ತಪ್ಪು. 'ಬ್ರ್ಯಾಟ್'ನ ಕೆಲವು ಹಾಡುಗಳ ಪ್ರೊಡಕ್ಷನ್‌ನಲ್ಲಿ ಅವನ ಕೆಲಸ ಇದೆ. ಅದಕ್ಕಿಂತ ಹೆಚ್ಚು ಕೆಲಸ ಚಾರ್ಲಿಯ ಬಹುಕಾಲದ ಜೊತೆಗಾರ ಎ.ಜಿ. ಕುಕ್ ಅವರದು. ಅದಕ್ಕೇ 2025ರ ಬ್ರಿಟ್ ಪ್ರಶಸ್ತಿಗಳಲ್ಲಿ ವರ್ಷದ ಪ್ರೊಡ್ಯೂಸರ್ ಗೌರವ ಕುಕ್‌ಗೆ ಸಂದಿತು. ತಮಾಷೆ ನೋಡಿ, 'ಗಂಡನೇ ಮಾಡಿಕೊಟ್ಟ' ಎನ್ನುವವರು ಚಾರ್ಲಿಯ ಹೆಸರನ್ನಷ್ಟೇ ಅಲ್ಲ, ಕುಕ್ ಹೆಸರನ್ನೂ ಅಳಿಸುತ್ತಾರೆ. ಊಹೆ ಯಾರಿಗೂ ನ್ಯಾಯ ಮಾಡುವುದಿಲ್ಲ.

ಚಾರ್ಲಿ ಇದನ್ನು ನಿಭಾಯಿಸುವ ರೀತಿ ನನಗೆ ಇಷ್ಟ. 'ಕ್ಲಬ್ ಕ್ಲಾಸಿಕ್ಸ್' ಹಾಡಿನೊಳಗೇ ಆಕೆ ಎ.ಜಿ., ಜಾರ್ಜ್, ಸೋಫಿ ಎಂದು ತನ್ನವರ ಹೆಸರುಗಳನ್ನು ಹೇಳುತ್ತಾಳೆ. ಜೊತೆಗೆ, ತನಗೆ ತನ್ನದೇ ಹಾಡಿಗೆ ಕುಣಿಯಬೇಕು ಎಂದೂ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಾಳೆ. ಇದರಲ್ಲಿ ಜಂಬ ಇಲ್ಲವೆಂದಲ್ಲ. ಆದರೆ ಜೊತೆಗಾರರ ಹೆಸರು ಹೇಳಲು ತನ್ನ ಹೆಸರು ಬಿಡಬೇಕಿಲ್ಲ, ತನ್ನ ಹೆಸರು ಹೇಳಲು ಜೊತೆಗಾರರನ್ನು ಮರೆಯಬೇಕಿಲ್ಲ ಎಂಬುದು ಅಲ್ಲಿದೆ.

2025ರ ಜೂನ್‌ನಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಆಕೆ ಬ್ಯಾಂಡ್ ಇಲ್ಲದೆ ಒಬ್ಬಳೇ ವೇದಿಕೆ ಹತ್ತಿ, ಆಟೋಟ್ಯೂನ್ ಹಾಕಿದ ದನಿಯಲ್ಲಿ ಹಾಡಿದಳು. ಇದೆಂಥ ಹಾಡುಗಾರಿಕೆ ಎಂದು ಹಲವರು ಮೂಗು ಮುರಿದರು. ಬೇಕೆಂದೇ ಆಟೋಟ್ಯೂನ್ ಬಳಸಿದರೆ ಮೋಸ, ಬ್ಯಾಂಡ್ ಇಲ್ಲದಿದ್ದರೆ ಕಲಾವಿದೆ ಕಡಿಮೆಯವಳು ಎನ್ನುವುದು ಹಳಸಲು ವಾದ ಎಂದು ಆಕೆ ತಿರುಗಿ ಬರೆದಳು. ಆ ಪ್ರದರ್ಶನ ಎಲ್ಲರಿಗೂ ಹಿಡಿಸಬೇಕೆಂದಿಲ್ಲ. ನನಗೂ ಕೆಲವು ಕಡೆ ಕಿವಿ ನೋಯಿತು. ಆದರೆ ಒಂದು ವಿಚಿತ್ರ ಗಮನಿಸಿ. ಪಕ್ಕದಲ್ಲಿ ಗಂಡಸಿದ್ದರೆ ಅವನೇ ಮಾಡಿದ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಯಂತ್ರವೇ ಮಾಡಿತು. ಎರಡರಲ್ಲೂ ಅವಳು ಮಾಡಿದಳು ಎಂಬ ಉತ್ತರ ಮಾತ್ರ ಬರುವುದಿಲ್ಲ.

ನಮ್ಮ ಮಹಡಿಯ ಕಥೆ

ಈಗ ನನ್ನ ವಿಷಯ. ಇದೆಲ್ಲವನ್ನೂ ನಾನು ನ್ಯಾಯಾಧೀಶನಂತೆ ಬರೆಯುತ್ತಿಲ್ಲ, ಕಟಕಟೆಯಲ್ಲಿ ನಿಂತೇ ಬರೆಯುತ್ತಿದ್ದೇನೆ.

ರಾಣೆಬೆನ್ನೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜಿ ಇದ್ದಾಳೆ. ರಜೆಯಲ್ಲಿ ಹೋದಾಗ ತಂಗಿ ಅಜ್ಜಿ ಜೋಳದ ರೊಟ್ಟಿ ಬಡಿಯುವ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಳು. ಪಟಪಟ ಎಂದು ಬಡಿತ, ನಡುವೆ ರೊಟ್ಟಿ ತಿರುಗಿಸುವಾಗಿನ ಒಂದು ಸಣ್ಣ ಬಿಡುವು, ಬಳೆಯ ಸದ್ದು. ಅದನ್ನು ತುಂಡು ತುಂಡು ಮಾಡಿ ಲಯ ಕಟ್ಟಿದವಳು ಅವಳು. ಬಿಡುವು ಬರುವ ಕಡೆಯೇ ಬೇಸ್ ಬೀಳಬೇಕು ಎಂದು ಹಟ ಹಿಡಿದವಳು ಅವಳು. ಮಾತು ಬರೆದು ಹಾಡಿದವಳೂ ಅವಳೇ. ನಾನು ಮಾಡಿದ್ದು ಮಿಕ್ಸಿಂಗ್. ಹಿನ್ನೆಲೆಯ ಫ್ಯಾನಿನ ಗುಂಯ್‌ಗುಟ್ಟುವಿಕೆ ತೆಗೆದೆ, ದನಿಗೂ ಬೀಟ್‌ಗೂ ಹದ ಹಾಕಿದೆ. ಅದೂ ಕೆಲಸವೇ, ಎರಡು ರಾತ್ರಿಯ ಕೆಲಸ. ಆದರೆ ಯೂಟ್ಯೂಬಿಗೆ ಹಾಕುವಾಗ ನಾನು ಟೈಪ್ ಮಾಡಿದ್ದು ಹೀಗೆ: ಸಂಗೀತ ನಾನು, ಗಾಯನ ತಂಗಿ. ಯೋಚಿಸಿ ಬರೆದದ್ದಲ್ಲ. ಲ್ಯಾಪ್‌ಟಾಪ್ ನನ್ನದು, ಬೆರಳು ತಾನಾಗಿಯೇ ಹಾಗೆ ಬರೆಯಿತು. ಯೋಚಿಸದೆ ಬರೆದೆ ಎಂಬುದೇ ಈಗ ನನಗೆ ಹೆಚ್ಚು ಚುಚ್ಚುತ್ತದೆ.

ಕೆಲವು ದಿನಗಳ ನಂತರ ಕಿರುಚಿತ್ರ ಮಾಡುವವರೊಬ್ಬರು ಫೋನ್ ಮಾಡಿದರು. 'ಆ ರೊಟ್ಟಿ ಬೀಟ್ ಐಡಿಯಾ ಭಾಳ ಚೆನ್ನಾಗೈತ್ರಿ. ನಮ್ಮ ಸಿನಿಮಾಕ್ಕೂ ನೀವೇ ಮಾಡಿಕೊಡ್ರಿ' ಎಂದರು. ನಾನು 'ಥ್ಯಾಂಕ್ಸ್ ಸರ್' ಎಂದೆ. ಅದು ತಂಗಿಯ ಐಡಿಯಾ ಎಂದು ಹೇಳಲು ಮೂರು ಸೆಕೆಂಡ್ ಸಾಕಿತ್ತು. ಹೇಳಲಿಲ್ಲ. ಅಡ್ವಾನ್ಸ್ ಐದು ಸಾವಿರ ರೂಪಾಯಿ ನನ್ನ ಖಾತೆಗೆ ಬಂತು. 'ನಮಗೆ ಕೆಲಸ ಸಿಕ್ತು' ಎಂದು ತಂಗಿಗೆ ಹೇಳಿದೆ. ಅವಳು 'ನಮಗಾ?' ಎಂದು ಕೇಳಿ ಅಡುಗೆಮನೆಗೆ ಹೋದಳು. ಆಮೇಲೆ ಎರಡು ತಿಂಗಳು ಅವಳು ಲ್ಯಾಪ್‌ಟಾಪ್ ಕೇಳಲೇ ಇಲ್ಲ. ಕಾಲೇಜಿನಲ್ಲಿ ಓದು ಜಾಸ್ತಿ ಎಂದುಕೊಂಡೆ. ಚಾರ್ಲಿಯ ಮದುವೆ ಫೋಟೊ ನೋಡುವ ಸಂಜೆಯವರೆಗೂ ಹಾಗೆಯೇ ಅಂದುಕೊಂಡಿದ್ದೆ.

ಹೆಸರು ಹಾಕುವುದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಹೊರದೇಶಗಳಲ್ಲಿ ಹಾಡು ಮುಗಿದ ದಿನವೇ ಒಂದು ಹಾಳೆಯ ಮೇಲೆ ರಚನೆಯಲ್ಲಿ ಯಾರ ಪಾಲು ಶೇಕಡ ಎಷ್ಟು ಎಂದು ಬರೆದು ಸಹಿ ಹಾಕುವ ರೂಢಿ ಇದೆ. ಮುಂದೆ ರಾಯಲ್ಟಿ ಹಂಚಿಕೆಗೆ ಅದೇ ಆಧಾರ. ನಮ್ಮಲ್ಲೂ 2012ರ ಹಕ್ಕುಸ್ವಾಮ್ಯ ಕಾಯ್ದೆ ತಿದ್ದುಪಡಿ, ಗೀತರಚನೆಕಾರರಿಗೂ ಸಂಯೋಜಕರಿಗೂ ರಾಯಲ್ಟಿಯಲ್ಲಿ ಬಿಟ್ಟುಕೊಡಲಾಗದ ಪಾಲಿದೆ ಎಂದು ಹೇಳಿದೆ. ಆದರೆ ಹೆಸರೇ ತಪ್ಪಾಗಿ ಬರೆದಿದ್ದರೆ ಕಾಯ್ದೆ ಪಾಲು ಕೊಡುವುದು ಯಾರಿಗೆ? ಅಣ್ಣ ತಂಗಿಯ ನಡುವೆ, ಗಂಡ ಹೆಂಡತಿಯ ನಡುವೆ ಕಾಗದ ಯಾಕೆ ಎನ್ನುತ್ತೇವೆ. ಪ್ರೀತಿ ಇರುವ ಕಡೆಯೇ ಲೆಕ್ಕ ಸುಲಭವಾಗಿ ತಪ್ಪುತ್ತದೆ, ಯಾಕೆಂದರೆ ಅಲ್ಲಿ ಕೇಳಲು ಮುಜುಗರ.

ಮರುದಿನ ಆ ನಿರ್ದೇಶಕರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. 'ಹೌದೇನ್ರಿ? ಇರ್ಲಿ ಬಿಡ್ರಿ, ಆದ್ರೂ ನೀವು ಜೊತೆಗಿರ್ತೀರಲ್ಲ?' ಎಂದರು. ಕೆಟ್ಟವರಲ್ಲ. ಅವರ ಊಹೆಗೆ ಸ್ವಲ್ಪ ಸಮಯ ಬೇಕು, ಅಷ್ಟೆ. ಈಗಲೂ ಬೀಟ್ ಬಗ್ಗೆ ಏನಾದರೂ ಬದಲಿಸಬೇಕಿದ್ದರೆ ಸಂದೇಶ ಬರುವುದು ನನಗೇ. ಪ್ರತಿ ಸಲ ತಂಗಿಯ ನಂಬರ್ ಕಳಿಸುತ್ತೇನೆ. ಮೊನ್ನೆ ಮೊದಲ ಸಲ ನೇರವಾಗಿ ಅವಳಿಗೇ ಫೋನ್ ಬಂತು. ಹತ್ತು ನಿಮಿಷ ಮಾತಾಡಿ, ಅವರು ಹೇಳಿದ ಬದಲಾವಣೆ ಬೇಡವೆಂದು ಒಪ್ಪಿಸಿ ಫೋನ್ ಇಟ್ಟಳು. ನನ್ನನ್ನು ಕೇಳಲಿಲ್ಲ. ಕೇಳಬೇಕಿರಲಿಲ್ಲ.

ಯೂಟ್ಯೂಬಿನ ಸಾಲನ್ನೂ ತಿದ್ದಿದೆವು. ಸಂಗೀತ, ಸಾಹಿತ್ಯ, ಗಾಯನ ತಂಗಿ. ಮಿಕ್ಸಿಂಗ್ ನಾನು. ಟೈಪ್ ಮಾಡಿ ಮುಗಿಸುವಷ್ಟರಲ್ಲಿ ತಂಗಿ 'ತಡಿ ಅಣ್ಣ, ನಾನೂ ಒಂದು ಹೆಸರು ಬಿಟ್ಟಿದೀನಿ' ಎಂದು ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಮೂರನೆಯ ಸಾಲು ಸೇರಿಸಿದಳು: ರೊಟ್ಟಿಯ ಸದ್ದು ನಮ್ಮಜ್ಜಿ.

ಅಜ್ಜಿಗೆ ಫೋನ್ ಮಾಡಿ ಹೇಳಿದರೆ ನಕ್ಕುಬಿಟ್ಟಳು. 'ರೊಟ್ಟಿ ಬಡದದ್ದಕ್ಕೂ ಹೆಸರ ಹಾಕ್ತಾರೇನವ್ವಾ?' ಎಂದಳು. ಐವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿರುವವಳು ಅವಳು.

ಮುಂದಿನ ಸಲ ನಿಮಗೊಂದು ಹಾಡು ಇಷ್ಟವಾದರೆ, ಅದನ್ನು ಮಾಡಿದವರು ಯಾರೆಂದು ಊಹಿಸುವ ಮೊದಲು ಕೆಳಗಿನ ಹೆಸರುಗಳನ್ನು ಒಮ್ಮೆ ಓದಿ. ಹೆಸರು ಬರೆಯುವ ಸರದಿ ನಿಮ್ಮದೇ ಆಗಿದ್ದರೆ, ಬರೆದ ಮೇಲೆ ಯಾರನ್ನಾದರೂ ಬಿಟ್ಟಿದ್ದೀರಾ ಎಂದು ಇನ್ನೊಮ್ಮೆ ನೋಡಿ. ನಾನು ನೋಡಿರಲಿಲ್ಲ.